ಅಟ್ಟದಲ್ಲಿ ಗ್ಲಾಸ್ ನೆಗೆಟಿವ್ ಸಿಕ್ಕಿತೇ? ತೊಳೆಯುವ ಮುಂಚೆ ಇದನ್ನು ಓದಿ

ಹಳೇ ಸ್ಟುಡಿಯೋ ಬಾಗಿಲು ಹಾಕುವಾಗ, ತೊಟ್ಟಿಮನೆ ಕೆಡವುವಾಗ, ಅಣ್ಣತಮ್ಮಂದಿರು ಪಾಲಾಗುವಾಗ ಅಟ್ಟದಿಂದ ಇಳಿಯುವ ಸಾಮಾನಿನ ನಡುವೆ ಒಂದೊಂದು ಸಲ ಸಣ್ಣ ರಟ್ಟಿನ ಡಬ್ಬಿ ಇರುತ್ತದೆ. ಪುಟ್ಟದಾಗಿ ಕಂಡರೂ ಎತ್ತಿದರೆ ಕೈ ಜಗ್ಗುತ್ತದೆ. ಒಳಗೆ ಕಪ್ಪು ಕಾಗದ, ಕಾಗದದೊಳಗೆ ಗಾಜು. ಕಿಟಕಿಯ ಬೆಳಕಿಗೆ ಹಿಡಿದರೆ ಕಪ್ಪು ಮುಖದ, ಬೆಳ್ಳನೆ ಕೂದಲಿನ ಯಾರೋ ಕುರ್ಚಿಯಲ್ಲಿ ಕೂತಿದ್ದಾರೆ.

ಇದು ಗ್ಲಾಸ್ ನೆಗೆಟಿವ್. ಫಿಲಂ ಬರುವ ಮೊದಲು ಫೋಟೋ ತೆಗೆಯುತ್ತಿದ್ದದ್ದು ಹೆಚ್ಚಾಗಿ ಇದರ ಮೇಲೆಯೇ. ಸಿಕ್ಕ ಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ಒಂದೋ ಧೂಳು ನೋಡಿ ಯಾರಾದರೂ ಸೋಪು ಹಾಕಿ ತೊಳೆಯುತ್ತಾರೆ, ಇಲ್ಲವೇ ಡಬ್ಬಿ ಗುಜರಿಗೆ ಹೋಗುತ್ತದೆ. ಎರಡರ ಫಲವೂ ಒಂದೇ. ಚಿತ್ರ ಇರುವುದು ಗಾಜಿನೊಳಗಲ್ಲ, ಗಾಜಿನ ಮೇಲಿರುವ ತೆಳ್ಳನೆ ಜೆಲಟಿನ್ ಪದರದಲ್ಲಿ. ಬಿಸಿನೀರು ಬಿದ್ದರೆ ಅದು ಕಳಚಿ ಹೋಗುತ್ತದೆ. ಹಿಂದೆ ಎಷ್ಟೋ ಸ್ಟುಡಿಯೋಗಳು ಬೇಕೆಂದೇ ಹೀಗೆ ತೊಳೆದು, ಗಾಜನ್ನು ಫೋಟೋಗೆ ಕಟ್ಟು ಹಾಕಲು ಬಳಸಿದವು. ನಿಮ್ಮ ಮನೆಯ ದೇವರ ಪಟದ ಗಾಜು ಒಂದು ಕಾಲಕ್ಕೆ ಯಾರದೋ ಮದುವೆ ಫೋಟೋ ಆಗಿದ್ದರೂ ಆಶ್ಚರ್ಯವಿಲ್ಲ.

ಮುಂದಿನ ಕ್ರಮವನ್ನು ಸ್ವಲ್ಪ ಗಮನವಿಟ್ಟು ನೋಡಿ. ಮೊದಲು ನೋಡುವುದು, ಆಮೇಲೆ ಮೊಬೈಲಿನಲ್ಲಿ ದಾಖಲಿಸುವುದು, ಹಿರಿಯರಿಂದ ಹೆಸರು ಕೇಳಿ ಬರೆಯುವುದು. ಶುಚಿ ಮಾಡುವುದೆಲ್ಲ ಅದರ ಮೇಲೆ. ಹೆಚ್ಚಿನವರು ತಿರುಗಾಮುರುಗಾ ಮಾಡುತ್ತಾರೆ. ಗಾಜು ಇನ್ನೊಂದು ವರ್ಷ ಕಾಯಬಹುದು. ತೊಂಬತ್ತು ದಾಟಿದ ಅಜ್ಜಿ ಕಾಯುತ್ತಾರೆಂದು ಹೇಳಲಾಗದು.

ಎಲ್ಲಿ ಹುಡುಕಬೇಕು

ಪೇಟೆಬೀದಿಯ ಮೂರು ತಲೆಮಾರಿನ ಸ್ಟುಡಿಯೋಗಳು ಮೊದಲ ಜಾಗ. ಶತಮಾನ ಕಂಡ ಹೈಸ್ಕೂಲು, ಕಾಲೇಜು, ಚರ್ಚು, ಮಠ, ಮಿಷನ್ ಆಸ್ಪತ್ರೆಗಳು ಎರಡನೆಯವು. ಕೊಡಗು, ಚಿಕ್ಕಮಗಳೂರಿನ ಎಸ್ಟೇಟ್ ಬಂಗಲೆಗಳು, ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರೋ ಡಾಕ್ಟರೋ ಆಗಿದ್ದವರ ಮನೆಗಳು ಆಮೇಲೆ. ಕ್ಯಾಮೆರಾ ಹುಚ್ಚು ಆಗ ಬಹುಮಟ್ಟಿಗೆ ಕೈಯಲ್ಲಿ ಕಾಸಿದ್ದವರಿಗೆ ಮಾತ್ರ ಹಿಡಿಯುತ್ತಿತ್ತು, ಅಲ್ವಾ?

ಕೇಳುವಾಗ "ಹಳೇ ಫೋಟೋ ಇದೆಯಾ" ಅನ್ನಬೇಡಿ, ಆಲ್ಬಂ ತಂದಿಡುತ್ತಾರೆ. "ಗ್ಲಾಸ್ ನೆಗೆಟಿವ್ ಇದೆಯಾ, ದೊಡ್ಡ ಮರದ ಕ್ಯಾಮೆರಾ ಇತ್ತಾ" ಎಂದು ಕೇಳಿ. ಮರದ ಕ್ಯಾಮೆರಾ ಇದ್ದರೆ ಗಾಜಿನ ಪ್ಲೇಟ್ ಕೂರಿಸುವ ಚಪ್ಪಟೆ ಪೆಟ್ಟಿಗೆಗಳೂ ಇರುತ್ತವೆ. ಅದರೊಳಗೆ ಪ್ಲೇಟ್ ಉಳಿದಿರುವುದೂ ಉಂಟು. ಬೆಳಕಿನಲ್ಲಿ ಎಳೆದು ನೋಡಬೇಡಿ. ಡೆವಲಪ್ ಆಗದ ಪ್ಲೇಟ್ ಆಗಿದ್ದರೆ, ಅದರಲ್ಲಿ ಅಡಗಿರುವ ಚಿತ್ರ ಆ ಕ್ಷಣಕ್ಕೇ ಮುಗಿಯಿತು. ಸೀಲ್ ಒಡೆಯದ ಡಬ್ಬಿಗೂ ಇದೇ ಮಾತು.

ಸ್ಟುಡಿಯೋದಲ್ಲಿ ಮರೆಯದೆ ಕೇಳಬೇಕಾದದ್ದು ರಿಜಿಸ್ಟರ್. ಎಷ್ಟೋ ಪ್ಲೇಟ್‌ಗಳ ಮೂಲೆಯಲ್ಲಿ ಸೂಜಿಯಿಂದ ಗೀರಿದ ಅಥವಾ ಶಾಯಿಯಲ್ಲಿ ಬರೆದ ನಂಬರ್ ಇರುತ್ತದೆ. ಆ ನಂಬರಿಗೆ ಹೆಸರು, ಊರು, ತಾರೀಖು ಇರುವುದು ಪುಸ್ತಕದಲ್ಲಿ. ಗಾಜನ್ನು ಗೆದ್ದಲು ತಿನ್ನುವುದಿಲ್ಲ, ಪುಸ್ತಕವನ್ನು ತಿನ್ನುತ್ತದೆ. ಹಾಗಾಗಿ ಪ್ಲೇಟ್ ಕೊಡಲು ಮಾಲೀಕರು ಒಪ್ಪದಿದ್ದರೂ ರಿಜಿಸ್ಟರಿನ ಪುಟಗಳನ್ನಾದರೂ ಅಲ್ಲೇ ಮೊಬೈಲಿನಲ್ಲಿ ತೆಗೆದುಕೊಳ್ಳಿ.

ಸಿಕ್ಕಿದ್ದು ಯಾವ ಬಗೆಯದು

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಕೊಲೋಡಿಯನ್ ಎಂಬ ಅಂಟು ದ್ರವ ಬಳಸುವ ವಿಧಾನವನ್ನು ಪ್ರಕಟಿಸಿದ. ಪ್ಲೇಟಿಗೆ ಲೇಪ ಹಚ್ಚಿ, ಹಸಿ ಇರುವಾಗಲೇ ಫೋಟೋ ತೆಗೆದು, ಒಣಗುವ ಮುಂಚೆ ಡೆವಲಪ್ ಮಾಡಬೇಕಿತ್ತು. ಡಾರ್ಕ್ ರೂಮ್ ಬೆನ್ನಿಗೆ ಕಟ್ಟಿಕೊಂಡೇ ತಿರುಗಬೇಕು! 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಜೆಲಟಿನ್ ಲೇಪದ ದಾರಿ ತೋರಿಸಿದ. 1880ರ ಹೊತ್ತಿಗೆ ಲೇಪ ಹಚ್ಚಿ ಒಣಗಿಸಿದ 'ಡ್ರೈ ಪ್ಲೇಟ್' ಡಬ್ಬಿಗಳಲ್ಲಿ ಮಾರಾಟಕ್ಕೆ ಬಂತು. ನಮ್ಮ ಮನೆ, ಸ್ಟುಡಿಯೋಗಳಲ್ಲಿ ಸಿಗುವುದು ಹೆಚ್ಚಾಗಿ ಇವೇ.

ಗುರುತು ಹಿಡಿಯುವುದು ಕಷ್ಟವಲ್ಲ. ಡ್ರೈ ಪ್ಲೇಟಿನ ಗಾಜು ತೆಳು, ಲೇಪ ಅಂಚಿನವರೆಗೂ ಒಂದೇ ಸಮ, ಬಣ್ಣ ಬೂದುಗಪ್ಪು. ಪಕ್ಕದಿಂದ ನೋಡಿದರೆ ಅಂಚುಗಳಲ್ಲಿ ನೀಲಿ ಛಾಯೆಯ ಲೋಹದ ಹೊಳಪು ಇರಬಹುದು. ಕೊಲೋಡಿಯನ್ ಪ್ಲೇಟಿನ ಗಾಜು ದಪ್ಪ, ಅಂಚು ಒರಟು, ಬಣ್ಣ ಕಂದು ಇಲ್ಲವೇ ಕೆನೆ. ಕೈಯಿಂದ ಸುರಿದ ಲೇಪವಾದ್ದರಿಂದ ಒಂದು ಮೂಲೆಯಲ್ಲಿ ಹಿಡಿದುಕೊಂಡ ಬೆರಳಿನ ಗುರುತು, ಅಂಚಿನಲ್ಲಿ ಹರಿದ ಗೆರೆ ಕಾಣುತ್ತದೆ. ಅಂಥದ್ದು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ ತಜ್ಞರನ್ನು ಕೇಳಿ. ಹತ್ತೊಂಬತ್ತನೇ ಶತಮಾನದ ಹೆಸರಾಂತ ಛಾಯಾಗ್ರಾಹಕ ರಾಜಾ ದೀನ್ ದಯಾಳರ ಎರಡು ಸಾವಿರದ ಎಂಟುನೂರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಇಂದು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಅಂದಹಾಗೆ, ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಹೆಸರಾಂತ ಚಿತ್ರಗಳು ಗಾಜಿನವಲ್ಲ, ಮೇಣ ಸವರಿದ ಕಾಗದದ ನೆಗೆಟಿವ್‌ಗಳು.

ಇನ್ನು ಮೂರು ಬಗೆ. ಎರಡು ಗಾಜು ಸೇರಿಸಿ ಸುತ್ತ ಕಪ್ಪು ಪಟ್ಟಿ ಅಂಟಿಸಿದ್ದು, ಚಿತ್ರ ನೇರವಾಗಿ ಕಾಣುವುದು ಮ್ಯಾಜಿಕ್ ಲ್ಯಾಂಟರ್ನ್ ಸ್ಲೈಡ್, ದೀಪದ ಬೆಳಕಿನಿಂದ ಪರದೆಯ ಮೇಲೆ ತೋರಿಸುತ್ತಿದ್ದದ್ದು. ಬಿಚ್ಚಬೇಡಿ. ಹಿಂದೆ ಕಪ್ಪು ಬಣ್ಣ ಬಳಿದು ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ್ದು ಆಂಬ್ರೋಟೈಪ್. ಆ ಕಪ್ಪು ಕೊಳೆಯಲ್ಲ, ಉಜ್ಜಿದರೆ ಚಿತ್ರವೇ ಮಾಯ. ಬಣ್ಣದ ಗಾಜಿನ ಚಿತ್ರ ಸಿಕ್ಕರೆ 1907ರಿಂದ ಮಾರುಕಟ್ಟೆಗೆ ಬಂದ ಆಟೋಕ್ರೋಮ್ ಇರಬಹುದು. ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳಿಂದ ಆದದ್ದು. ಒಂದು ಹನಿ ನೀರೂ ಸೋಕಬಾರದು.

ಕಾಲ ಊಹಿಸಲು ಡಬ್ಬಿಯ ಮೇಲಿನ ಇಲ್‌ಫರ್ಡ್, ಕೊಡಾಕ್, ಆಗ್ಫಾ ಕಂಪನಿಗಳ ಚೀಟಿಯನ್ನು ಕುರುಡಾಗಿ ನಂಬಬೇಡಿ. ಖಾಲಿ ಡಬ್ಬಿಗೆ ಬೇರೆ ಪ್ಲೇಟ್ ತುಂಬುವುದು ಎಲ್ಲರ ರೂಢಿ. ಆದರೂ ಡಬ್ಬಿ ಎಸೆಯಬೇಡಿ, ಅದರ ಮೇಲೆ ಪೆನ್ಸಿಲಿನಲ್ಲಿ ಏನಾದರೂ ಬರೆದಿರುತ್ತಾರೆ.

ಇನ್ನೊಂದು ಸುಳಿವು ಚಿತ್ರದೊಳಗೇ ಇದೆ. ಹಳೇ ಸಾದಾ ಪ್ಲೇಟ್‌ಗಳಿಗೆ ನೀಲಿ ಬಣ್ಣ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಹಾಗಾಗಿ ಪ್ರಿಂಟಿನಲ್ಲಿ ಆಕಾಶ ಬೋಳುಬಿಳಿ. ಹಣೆಯ ಕುಂಕುಮ ಕಪ್ಪು ಬೊಟ್ಟು. ಕೆಂಪು ಧಾರೆಸೀರೆ ಕರೀ ಸೀರೆಯ ಹಾಗೆ ಕಾಣುತ್ತದೆ. ಅರಿಶಿನ ಹಚ್ಚಿದ ಕೆನ್ನೆ ಕೂಡ ಇದ್ದದ್ದಕ್ಕಿಂತ ಕಪ್ಪಾಗಿ ಬರುತ್ತದೆ. "ಮದುಮಗಳಿಗೆ ಕರೀ ಸೀರೆ ಯಾಕೆ ಉಡಿಸಿದರು" ಎಂದು ಮನೆಯಲ್ಲಿ ಚರ್ಚೆ ಎದ್ದರೆ ಉತ್ತರ ಇದು.

ಮುಟ್ಟುವ ರೀತಿ

ಅಗಲವಾದ ಮೇಜು, ಮೇಲೆ ದಪ್ಪ ಟವೆಲ್, ಟವೆಲಿನ ಮೇಲೆ ಶುಭ್ರ ಬಿಳಿ ಕಾಗದ. ಫ್ಯಾನ್ ಆಫ್. ಕಾಫಿ ಲೋಟ ಬೇರೆ ಕೋಣೆಯಲ್ಲಿರಲಿ. ಕೈಗೆ ನೈಟ್ರೈಲ್ ಗ್ಲೌಸ್. ಬಟ್ಟೆಯ ಗ್ಲೌಸ್ ಗಾಜಿನ ಮೇಲೆ ಜಾರುತ್ತದೆ, ಎದ್ದ ಜೆಲಟಿನ್ ಚಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಬೂಷ್ಟು ಇರುವ ಡಬ್ಬಿಯಾದರೆ ಎನ್95 ಮಾಸ್ಕ್ ಬೇಕೇ ಬೇಕು.

ಒಂದು ಸಲಕ್ಕೆ ಒಂದೇ ಪ್ಲೇಟ್, ಎರಡೂ ಕೈಯಲ್ಲಿ, ಅಂಚು ಹಿಡಿದು. ಮೂಲೆ ಹಿಡಿದು ಎತ್ತಿದರೆ ಹಳೇ ಬಿರುಕು ಬಾಯಿ ಬಿಡುತ್ತದೆ. ಓರೆ ಬೆಳಕಿನಲ್ಲಿ ನೋಡಿ: ಮಂಕಾಗಿರುವುದು ಲೇಪದ ಮಗ್ಗುಲು, ಕನ್ನಡಿಯ ಹಾಗೆ ಹೊಳೆಯುವುದು ಗಾಜಿನ ಮಗ್ಗುಲು. ಇಡುವಾಗ ಯಾವಾಗಲೂ ಲೇಪ ಮೇಲೆ.

ಎರಡು ಪ್ಲೇಟ್ ಒಂದಕ್ಕೊಂದು ಅಂಟಿಕೊಂಡಿದ್ದರೆ ಚಾಕು ತೂರಿಸಬೇಡಿ. ಹಾಗೇ ಬಿಡಿ. ಡಬ್ಬಿಯಲ್ಲಿ ಇದ್ದ ಅನುಕ್ರಮವನ್ನೂ ಕಲಸಬೇಡಿ. ಒಂದೇ ಮದುವೆಯ ಪ್ಲೇಟ್‌ಗಳು ಪಕ್ಕಪಕ್ಕ ಇರುತ್ತವೆ, ಒಂದನ್ನು ಗುರುತಿಸಿದರೆ ಉಳಿದವು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಗಾಜಿನ ಜೊತೆ ಅದೇ ಅಳತೆಯ ಫಿಲಂ ಹಾಳೆಗಳೂ ಸಿಗಬಹುದು. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಬಗೆಯ ಫಿಲಂ, ಕೆಡುತ್ತಿದೆ ಎಂದರ್ಥ. ಹಳದಿಯಾಗಿ ಅಂಟಂಟಾಗಿ ಕಟುವಾಸನೆ ಹೊಡೆಯುವುದು ನೈಟ್ರೇಟ್ ಇರಬಹುದು, ಬೆಂಕಿ ಬೇಗ ಹಿಡಿಯುವ ವಸ್ತು. ಎರಡನ್ನೂ ಗಾಜಿನಿಂದ ಬೇರೆ ಮಾಡಿ ತಂಪಾದ ಜಾಗಕ್ಕೆ ಸಾಗಿಸಿ. ನೈಟ್ರೇಟ್ ಅನುಮಾನ ಬಂದರೆ ಮನೆಯೊಳಗೇ ಇಡಬೇಡಿ, ತಡಮಾಡದೆ ತಜ್ಞರಿಗೆ ತಿಳಿಸಿ.

ಮೊಬೈಲಿನಲ್ಲಿ ಒಂದು ಚಿತ್ರ, ಆಮೇಲೆ ಹೆಸರು

ಇದಕ್ಕೆ ದುಬಾರಿ ಸಲಕರಣೆ ಬೇಡ. ಲ್ಯಾಪ್‌ಟಾಪ್ ಅಥವಾ ಟ್ಯಾಬ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು ಬೆಳಕು ಪೂರ್ತಿ ಹೆಚ್ಚಿಸಿ. ಟ್ಯಾಬ್ ಆದರೆ ಅಂಗಾತ ಮಲಗಿಸಿ, ಎರಡು ಬದಿ ಒಂದೇ ಎತ್ತರದ ಪುಸ್ತಕ ಇಟ್ಟು ಪ್ಲೇಟನ್ನು ಪರದೆಯಿಂದ ಎರಡು ಮೂರು ಸೆಂಟಿಮೀಟರ್ ಮೇಲೆ ಕೂರಿಸಿ. ಪರದೆಗೆ ತಾಗಿಸಿದರೆ ಅದರ ಚುಕ್ಕಿಗಳೇ ಫೋಟೋದಲ್ಲಿ ಬೀಳುತ್ತವೆ. ಕೋಣೆಯ ದೀಪ ಆರಿಸಿ, ನೇರ ಮೇಲಿನಿಂದ ಕ್ಲಿಕ್ಕಿಸಿ, ಯಾವುದಾದರೂ ಎಡಿಟಿಂಗ್ ಆಪ್‌ನಲ್ಲಿ ಬಣ್ಣ ತಿರುಗಿಸಿ (ಇನ್ವರ್ಟ್), ಕಪ್ಪು ಬಿಳಿಯಾಗಲಿ, ಬಿಳಿ ಕಪ್ಪಾಗಲಿ. ಮುಖ ಎದ್ದು ಬರುತ್ತದೆ.

ಲೇಪದ ಮಗ್ಗುಲು ಕ್ಯಾಮೆರಾ ಕಡೆಗಿದ್ದರೆ ಎಡಬಲ ಅದಲುಬದಲಾಗಿರುತ್ತದೆ. ಕನ್ನಡಿಯ ಬಿಂಬದ ಹಾಗೆ ಅಡ್ಡಕ್ಕೆ ತಿರುಗಿಸಬೇಕು (ಫ್ಲಿಪ್). ಸರಿಯಾಯಿತೇ ಎಂದು ಪರೀಕ್ಷಿಸಲು ಅಂಗಡಿಯ ಬೋರ್ಡಿನ ಅಕ್ಷರ ಇದ್ದರೆ ಯೋಚನೆಯೇ ಇಲ್ಲ. ಇಲ್ಲದಿದ್ದರೆ ಜನಿವಾರ ನೋಡಿ, ಎಡ ಹೆಗಲ ಮೇಲಿರಬೇಕು. ಸೀರೆಯ ಸೆರಗೊಂದನ್ನೇ ನಂಬಬೇಡಿ. ಕೊಡಗಿನ ಶೈಲಿಯಲ್ಲಿ ಸೆರಗು ಬಲ ಹೆಗಲಿಗೇ ಬರುತ್ತದೆ.

ಈಗ ಆ ಚಿತ್ರ ಹಿಡಿದು ಹಿರಿಯರ ಹತ್ತಿರ ಹೋಗಿ. ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ಹಾಕಿದರೆ ಕೈಮುಗಿಯುವ ಇಮೋಜಿ ಜಾಸ್ತಿ, ಮಾಹಿತಿ ಕಮ್ಮಿ. ಟ್ಯಾಬ್‌ನಲ್ಲಿ ದೊಡ್ಡದು ಮಾಡಿ ಎದುರಿಗೆ ಕೂತು ತೋರಿಸಿ. "ಅಜ್ಜೀ, ಇವರು ಯಾರು?" ಎಂದು ಶುರು ಮಾಡಿದರೆ ಎಷ್ಟೋ ಸಲ "ಗೊತ್ತಿಲ್ಲಪ್ಪ" ಎಂದೇ ಮುಗಿಯುತ್ತದೆ. "ಈ ಬುಗುಡಿ ಯಾರದ್ದಜ್ಜಿ? ಈ ಜಗಲಿ ಯಾವ ಮನೇದು?" ಎಂದು ಕೇಳಿ ನೋಡಿ. ಮುಖ ಮರೆತವರಿಗೂ ಒಡವೆ ನೆನಪಿರುತ್ತದೆ. ಒಡವೆಯಿಂದ ಅತ್ತಿಗೆ, ಅತ್ತಿಗೆಯಿಂದ ಅವರ ತವರು, ಅಲ್ಲಿಂದ ಮದುವೆಯ ವರ್ಷ. ಮಾತನ್ನು ರೆಕಾರ್ಡ್ ಮಾಡಿಕೊಳ್ಳಿ. ಹೇಳಿದವರು ಯಾರು, ಯಾವತ್ತು ಹೇಳಿದರು ಎಂಬುದನ್ನೂ ಬರೆಯಿರಿ. ಇಬ್ಬರು ಎರಡು ಹೆಸರು ಹೇಳಿದರೆ ಎರಡೂ ಇರಲಿ, ನೀವು ಪಂಚಾಯ್ತಿ ಮಾಡಬೇಡಿ.

ಶವವನ್ನು ಅಲಂಕರಿಸಿ ಕೂರಿಸಿ ತೆಗೆದ ಚಿತ್ರಗಳೂ ಸಿಗುತ್ತವೆ. ಆಗ ಅದು ರೂಢಿಯಲ್ಲಿತ್ತು. ಮನೆಯವರನ್ನು ಕೇಳದೆ ಎಲ್ಲೂ ಹಾಕಬೇಡಿ.

ಶುಚಿ: ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು

ಲೇಪದ ಮಗ್ಗುಲಿಗೆ ಕ್ಯಾಮೆರಾ ಲೆನ್ಸಿನ ಗಾಳಿ ಪಂಪು ಮತ್ತು ಮೆತ್ತನೆ ಬ್ರಷ್, ಅಷ್ಟೇ. ಬಾಯಿಯಿಂದ ಊದಬಾರದು, ಎಂಜಲು ಹಾರುತ್ತದೆ. ಲೇಪ ಎದ್ದಿದ್ದರೆ ಬ್ರಷ್ಷೂ ಬೇಡ.

ಗಾಜಿನ ಮಗ್ಗುಲನ್ನು ಒರೆಸಬಹುದು, ಆದರೆ ಮೊದಲು ಅಲ್ಲಿ ಬರಹ, ಬಣ್ಣ, ಅಂಟಿಸಿದ ಕಾಗದ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಹತ್ತಿಯಿಂದ ನಡುವಿನಿಂದ ಶುರು ಮಾಡಿ, ಅಂಚಿಗೆ ಒಂದು ಸೆಂಟಿಮೀಟರ್ ಮೊದಲೇ ನಿಲ್ಲಿಸಿ. ನೀರು ಅಂಚು ದಾಟಿ ಆಚೆ ಮಗ್ಗುಲಿಗೆ ನುಸುಳಿದರೆ ಜೆಲಟಿನ್ ಉಬ್ಬಿ ಸುಕ್ಕುಗಟ್ಟುತ್ತದೆ. ಕೋಲಿನ್, ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರಕ್ಕೂ ಬರಕೂಡದು.

ಕೊಳೆಯಂತೆ ಕಂಡರೂ ಕೊಳೆಯಲ್ಲದ್ದು ಬಹಳ ಇರುತ್ತದೆ. ಮುಖದ ಭಾಗದಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಗೀಟು ಕಂಡರೆ ಅದು ಟಚಿಂಗ್ ಕೆಲಸ: ಸಿಡುಬಿನ ಕಲೆ, ಕಣ್ಣ ಕೆಳಗಿನ ನೆರಿಗೆ ಮುಚ್ಚಲು ಸ್ಟುಡಿಯೋದವರು ಕೂತು ತಿದ್ದಿದ್ದು. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಗೀಟೂ ಚರ್ಮದ ಇಳುಕಲಿಗೆ ತಕ್ಕಂತೆ ಬಾಗಿರುತ್ತದೆ. ಹಿನ್ನೆಲೆಗೆ ಬಳಿದ ಕೆಂಪು ಬಣ್ಣ ಪ್ರಿಂಟಿನಲ್ಲಿ ಅಲ್ಲಿ ಬಿಳಿ ಬರಲೆಂದು ಹಾಕಿದ್ದು. ಅಂಚಿನ ಕಾಗದದ ಪಟ್ಟಿ ಚೌಕಟ್ಟಿಗಾಗಿ. ಇವೆಲ್ಲ ಹಾಗೇ ಇರಲಿ. ನೀಲಿ ಹೊಳಪನ್ನೂ ಉಜ್ಜಬೇಡಿ, ಅದು ಮೇಲಕ್ಕೆ ಬಂದ ಬೆಳ್ಳಿಯೇ.

ಬೂಷ್ಟು ಹಿಡಿದಿದ್ದರೆ ಮೊದಲು ಒಣ ಕೋಣೆಯಲ್ಲಿ ಕೆಲ ದಿನ ಬಿಡಿ, ಬಿಸಿಲಿಗಲ್ಲ. ಪುಡಿಯಾಗಿ ಒಣಗಿದ ಮೇಲೆ ಮನೆಯಿಂದ ಹೊರಗೆ ಕೂತು ಬ್ರಷ್ಷಿನಿಂದ ಮೆಲ್ಲಗೆ ತೆಗೆಯಿರಿ. ಒದ್ದೆ ಬಟ್ಟೆ ಆಡಿಸಿದರೆ ಚಿತ್ರವೂ ಜೊತೆಗೇ ಬರುತ್ತದೆ, ಬೂಷ್ಟು ತಿಂದ ಜೆಲಟಿನ್ ನೀರಿಗೆ ಕರಗುತ್ತದೆ.

ಒಳ್ಳೆಯ ಡಿಜಿಟಲ್ ಪ್ರತಿ

ಬಿಳಿ ಎಲ್‌ಇಡಿ ಲೈಟ್ ಪ್ಯಾಡ್, ನೇರ ಕೆಳಗೆ ನೋಡುವ ಕ್ಯಾಮೆರಾ ಸ್ಟ್ಯಾಂಡ್, ಮ್ಯಾಕ್ರೋ ಲೆನ್ಸ್. ಪ್ಲೇಟಿನ ಸುತ್ತ ಉಳಿಯುವ ಬೆಳಕನ್ನು ಕಪ್ಪು ಕಾಗದದಿಂದ ಮುಚ್ಚಿ, ಇಲ್ಲದಿದ್ದರೆ ಚಿತ್ರ ಮಬ್ಬಾಗುತ್ತದೆ. ಐಎಸ್‌ಒ 100, ಅಪರ್ಚರ್ ಎಫ್ 8, ರಾ ಫೈಲ್, ಎರಡು ಸೆಕೆಂಡ್ ಟೈಮರ್. ಲೇಪ ಲೆನ್ಸಿನ ಕಡೆಗಿರಲಿ. ಹಳೇ ನೆಗೆಟಿವ್‌ಗಳು ಬಹಳ ದಟ್ಟ. ಅಂದಿನ ಪ್ರಿಂಟ್ ಕಾಗದಕ್ಕೆ ಹಾಗೇ ಬೇಕಿತ್ತು. ಅದಕ್ಕೇ ಒಂದೇ ಪ್ಲೇಟನ್ನು ಮೂರು ಬೇರೆ ಎಕ್ಸ್‌ಪೋಶರ್‌ನಲ್ಲಿ ತೆಗೆಯಿರಿ. ಮದುಮಗನ ಬಿಳಿ ಪಂಚೆಯ ಮಡಿಕೆ ಒಂದರಲ್ಲಿ, ಕೋಟಿನ ಗುಂಡಿ ಇನ್ನೊಂದರಲ್ಲಿ ಸಿಗುತ್ತದೆ.

ಹಾಫ್ ಪ್ಲೇಟ್ ಎಂದರೆ ನಾಲ್ಕೂ ಮುಕ್ಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಇಂಚಿಗೆ ಸುಮಾರು 840 ಪಿಕ್ಸೆಲ್ ಸಿಗುತ್ತದೆ. ಪ್ಲೇಟಿನಲ್ಲಿ ಅದಕ್ಕಿಂತ ಹೆಚ್ಚು ವಿವರ ಇರಬಹುದು. ಮುಖಗಳನ್ನು, ಹಿಂದಿನ ಬೋರ್ಡನ್ನು ಹತ್ತಿರದಿಂದ ಬೇರೆಯಾಗಿ ತೆಗೆಯಿರಿ. ಸ್ಕ್ಯಾನರ್ ಕೊಳ್ಳುವುದಾದರೆ ಮುಚ್ಚಳದ ಬೆಳಕು ನಿಮ್ಮ ಪ್ಲೇಟಿನಷ್ಟು ಅಗಲ ಇದೆಯೇ ಎಂದು ಮೊದಲು ನೋಡಿ. ಎಷ್ಟೋ ಸ್ಕ್ಯಾನರ್‌ಗಳಲ್ಲಿ ಅದು ರೋಲ್ ಫಿಲಂನಷ್ಟೇ ಅಗಲ. ಮುಚ್ಚಳ ಒತ್ತಬೇಡಿ.

ಅಂಚು ಸಮೇತ ಪೂರ್ತಿ ಪ್ಲೇಟಿನ ಪ್ರತಿಯೊಂದನ್ನು ಟಿಫ್ ರೂಪದಲ್ಲಿ ತಿದ್ದದೆ ಇಡಿ. ಕಾಂಟ್ರಾಸ್ಟ್, ಕಲೆ ತೆಗೆಯುವುದೆಲ್ಲ ನಕಲಿನ ಮೇಲೆ. ಎಐ ಆಪ್‌ಗೆ ಕೊಟ್ಟು ಬಣ್ಣ ಬಳಿಸುವುದು ನನಗೆ ಇಷ್ಟವಿಲ್ಲ. ಕಪ್ಪಾಗಿ ಕಂಡ ಧಾರೆಸೀರೆಗೆ ಅದು ಸುಮ್ನೆ ಕಡುನೀಲಿ ಬಳಿಯುತ್ತದೆ, ಮುಖಕ್ಕೆ ಇಲ್ಲದ ರೆಪ್ಪೆ ಹಚ್ಚುತ್ತದೆ, ಮೊಮ್ಮಕ್ಕಳು ಅದನ್ನೇ ನಿಜವೆಂದು ನಂಬುತ್ತಾರೆ.

ಸ್ಕ್ಯಾನ್ ಆಯಿತೆಂದು ಗಾಜು ಬಿಸಾಡಬೇಡಿ. ಕೊಡೈಕೆನಾಲ್ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಚಿತ್ರಗಳನ್ನು ಪ್ಲೇಟ್‌ಗಳಲ್ಲಿ ಹಿಡಿದಿಟ್ಟಿದ್ದಾರೆ. ಅದನ್ನು ನಡೆಸುವ ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆ ಅವನ್ನು ಡಿಜಿಟಲ್ ಮಾಡಿದೆ. ಶತಮಾನದ ಸೂರ್ಯನ ಕಲೆಗಳ ಲೆಕ್ಕವನ್ನು ಇಂದಿನ ವಿಜ್ಞಾನಿಗಳು ಹೊಸದಾಗಿ ಹಾಕಲು ಆದದ್ದು ಗಾಜು ಉಳಿದಿದ್ದರಿಂದ.

ಇಡುವ ಜಾಗ

ಪ್ರತಿ ಪ್ಲೇಟಿಗೂ ಬೇರೆ ಕಾಗದದ ಹೊದಿಕೆ. ಆಮ್ಲರಹಿತ, ಕ್ಷಾರ ಸೇರಿಸದ, ಫೋಟೋಗೆಂದೇ ಮಾರುವ ಕಾಗದ ಕೇಳಿ ಕೊಳ್ಳಿ. ಅದನ್ನು ಕೂಡಿಸುವ ಚಿಹ್ನೆಯ ಆಕಾರಕ್ಕೆ ಕತ್ತರಿಸಿ. ನಡುವಿನ ಭಾಗ ಪ್ಲೇಟಿಗಿಂತ ಎರಡು ಮೂರು ಮಿಲಿಮೀಟರ್ ದೊಡ್ಡದು, ನಾಲ್ಕು ಕಡೆ ನಾಲ್ಕು ರೆಕ್ಕೆ. ಮಾಹಿತಿಯನ್ನು ಖಾಲಿ ಕಾಗದದ ಮೇಲೇ ಪೆನ್ಸಿಲಿನಲ್ಲಿ ಬರೆದು, ಆಮೇಲೆ ಪ್ಲೇಟ್ ಇಟ್ಟು ರೆಕ್ಕೆ ಮಡಚಿ. ಗೋಂದು ಬೇಡ. ಜೇಬಿನಂಥ ಕವರಿನಲ್ಲಿ ಪ್ಲೇಟ್ ಎಳೆದಾಗಲೆಲ್ಲ ಲೇಪ ಉಜ್ಜುತ್ತದೆ, ಇದರಲ್ಲಿ ಹಾಗಾಗುವುದಿಲ್ಲ. ನ್ಯೂಸ್‌ಪೇಪರ್, ಬ್ರೌನ್ ಕವರ್, ಪ್ಲಾಸ್ಟಿಕ್ ಯಾವುದೂ ಆಗದು.

ಪ್ಲೇಟ್‌ಗಳನ್ನು ಉದ್ದದ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ, ಐದಾರಕ್ಕೊಂದು ಗಟ್ಟಿ ರಟ್ಟು ಕೊಡಿ. ಆರೂವರೆ ಎಂಟೂವರೆ ಇಂಚಿನ ಫುಲ್ ಪ್ಲೇಟ್ ಒಂದೊಂದೂ 150 ಗ್ರಾಂ ಆಸುಪಾಸು ತೂಗುತ್ತದೆ. ಪೆಟ್ಟಿಗೆ ಚಿಕ್ಕದಿರಲಿ, ಮೇಲೆ 'ಗಾಜು' ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಮರದ ಪೆಟ್ಟಿಗೆಗಿಂತ ಸ್ಟೀಲ್ ಬೀರು ವಾಸಿ, ಅದೂ ಕೆಳಗಿನ ಅರೆಯಲ್ಲಿ. ನೆಲದ ಮೇಲಲ್ಲ.

ಗಾಳಿಯ ತೇವ ಶೇಕಡ 30ರಿಂದ 40 ಇದ್ದರೆ ಚೆಂದ. ಮಳೆಗಾಲದ ಆಗುಂಬೆಯಲ್ಲೋ ಮಂಗಳೂರಲ್ಲೋ ಇದು ಕನಸು ಬಿಡಿ. ಕ್ಯಾಮೆರಾ ಇಡುವ ಡ್ರೈ ಕ್ಯಾಬಿನೆಟ್ ಕೊಂಡು 40ಕ್ಕೆ ಇಡುವುದು ಸುಲಭದ ದಾರಿ. ಅಷ್ಟು ಆಗದಿದ್ದರೆ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಮುನ್ನೂರು ನಾನೂರು ರೂಪಾಯಿಯ ತೇವಮಾಪಕ. ಜೆಲ್ ಬಣ್ಣ ಬದಲಾದ ಕೂಡಲೇ ಒಣಗಿಸಿ. ಅತಿಯಾಗಿಯೂ ಒಣಗಿಸಬೇಡಿ. ಜೆಲಟಿನ್ ಕುಗ್ಗುತ್ತದೆ, ಗಾಜು ಕುಗ್ಗುವುದಿಲ್ಲ, ಲೇಪ ಅಂಚಿನಿಂದ ಏಳುತ್ತದೆ. ಹಗಲು ಏಸಿ ಹಾಕಿ ರಾತ್ರಿ ಆರಿಸುವ ಕೋಣೆಗಿಂತ ಏಸಿಯಿಲ್ಲದ ಒಳಕೋಣೆಯೇ ಮೇಲು. ನುಸಿಗುಳಿಗೆ ಹಾಕಬೇಡಿ.

ಒಡೆದರೆ, ನೆನೆದರೆ

ಒಡೆದ ಚೂರನ್ನು ಎಸೆಯಬೇಡಿ, ಅಕ್ಕಿಕಾಳಿನಷ್ಟಿದ್ದರೂ. ಲೈಟ್ ಪ್ಯಾಡಿನ ಮೇಲೆ ಲೇಪ ಮೇಲಾಗಿ ಜೋಡಿಸಿ, ಚೂರುಗಳ ಅಂಚು ಒಂದಕ್ಕೊಂದು ತಿಕ್ಕದ ಹಾಗೆ ಕೂದಲೆಳೆಯಷ್ಟು ಜಾಗ ಬಿಟ್ಟು ಫೋಟೋ ತೆಗೆಯಿರಿ. ಕೂಡಿಸುವ ಕೆಲಸ ಕಂಪ್ಯೂಟರಿನಲ್ಲಿ. ಸೆಲ್ಲೋಟೇಪ್, ಫೆವಿಕ್ವಿಕ್ ಬೇಡವೇ ಬೇಡ. ಚೂರುಗಳನ್ನು ಬೇರೆ ಬೇರೆ ಸುತ್ತಿ ಚಪ್ಪಟೆ ಡಬ್ಬಿಯಲ್ಲಿ ಮಲಗಿಸಿ. ಬರೀ ಬಿರುಕು ಬಿಟ್ಟದ್ದನ್ನೂ ನಿಲ್ಲಿಸಬೇಡಿ, ಮಲಗಿಸಿ.

ಮನೆಗೆ ನೀರು ನುಗ್ಗಿ ಪ್ಲೇಟ್ ನೆನೆದರೆ ಒಂದಕ್ಕೊಂದು ಅಂಟುವ ಮುಂಚೆ ಬಿಡಿಸಿ, ತಟ್ಟೆ ಒಣಗಿಸುವ ಸ್ಟ್ಯಾಂಡಿನಲ್ಲಿ ಓರೆಯಾಗಿ ನಿಲ್ಲಿಸಿ, ನೆರಳಲ್ಲಿ ಒಣಗಲು ಬಿಡಿ. ಒರೆಸಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ, ಫ್ರೀಜರಿಗೆ ಹಾಕಬೇಡಿ.

ನಿಮ್ಮ ಕೈಲಾಗದಿದ್ದರೆ

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆಯ ವಸ್ತುಗಳನ್ನು ಕಾಪಾಡುವ ಸಂಸ್ಥೆ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರವಿದೆ. ಲಖನೌದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯದ ಪ್ರಾದೇಶಿಕ ಶಾಖೆ ಮೈಸೂರಿನಲ್ಲಿದೆ. ಲೇಪ ಎದ್ದದ್ದು, ಅಂಟಿಕೊಂಡದ್ದು, ಕೊಲೋಡಿಯನ್ ಎಂದು ಅನುಮಾನ ಬಂದದ್ದು ಇಂಥವರ ಕೈಗೆ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿಯಂಥ ಸಂಸ್ಥೆಗಳು ಹಳೇ ಫೋಟೋಗಳನ್ನು ಸಂಗ್ರಹಿಸುತ್ತವೆ. ಎಲ್ಲವನ್ನೂ ತೆಗೆದುಕೊಳ್ಳುತ್ತಾರೆಂದಲ್ಲ, ಕೇಳಿ ನೋಡಬಹುದು. ತಮಿಳುನಾಡಿನ ಹಳೇ ಸ್ಟುಡಿಯೋಗಳ ನೆಗೆಟಿವ್‌ಗಳನ್ನು ಪುದುಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟ್ ಬ್ರಿಟಿಷ್ ಲೈಬ್ರರಿಯ ನೆರವಿನಲ್ಲಿ ಡಿಜಿಟಲ್ ಮಾಡಿಸಿತು. ನಮ್ಮ ಸ್ಟುಡಿಯೋಗಳಿಗೂ ಅಂಥ ಕೆಲಸ ಆಗಬೇಕು. ಮಂಗಳೂರು, ಧಾರವಾಡದ ಕಡೆಯವರು ಬಾಸೆಲ್ ಮಿಷನ್‌ನ ಆನ್‌ಲೈನ್ ಚಿತ್ರಸಂಗ್ರಹವನ್ನು ಒಮ್ಮೆ ಜಾಲಾಡಿ. ನಿಮ್ಮ ಪ್ಲೇಟಿನಲ್ಲಿರುವ ಕಟ್ಟಡ ಅಲ್ಲಿ ಹೆಸರು, ಊರು ಸಮೇತ ಸಿಗಬಹುದು.

ಕೊಡುವ ಮುಂಚೆ ಕಾಗದ ಪತ್ರ ಮಾಡಿಕೊಳ್ಳಿ: ದಾನವೋ, ಇಟ್ಟುಕೊಳ್ಳಲು ಕೊಟ್ಟದ್ದೋ, ಡಿಜಿಟಲ್ ಪ್ರತಿ ನಿಮಗೆ ಸಿಗುತ್ತದೆಯೋ, ನಿಮ್ಮ ಮನೆಯ ಚಿತ್ರ ಬಳಸಲು ನಿಮ್ಮನ್ನು ಕೇಳುತ್ತಾರೋ. ರಿಜಿಸ್ಟರ್, ಡಬ್ಬಿ, ಅಜ್ಜಿಯ ಮಾತಿನ ರೆಕಾರ್ಡಿಂಗ್ ಎಲ್ಲ ಪ್ಲೇಟಿನ ಜೊತೆಗೇ ಹೋಗಲಿ. ಇನ್ನು ಅಮೆರಿಕದಲ್ಲಿರುವ ಮಗಳು ನೆನಪಿಗೆಂದು ಎರಡು ಪ್ಲೇಟ್ ಸೂಟ್‌ಕೇಸಿಗೆ ಹಾಕಿಕೊಳ್ಳುವ ಮೊದಲು ಒಂದು ಮಾತು. ನೂರು ವರ್ಷ ದಾಟಿದ, ಚರಿತ್ರೆಯ ಬೆಲೆಯಿರುವ ವಸ್ತುಗಳು 1972ರ ಪುರಾವಸ್ತು ಕಾಯ್ದೆಯಡಿ ಬರಬಹುದು. ಒಯ್ಯುವ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯನ್ನು ವಿಚಾರಿಸಬೇಕು. ಒಳ್ಳೆಯದೊಂದು ಪ್ರಿಂಟ್ ಹಾಕಿಸಿ ಕೊಟ್ಟುಬಿಡಿ, ತಲೆನೋವಿಲ್ಲ.